ಹರದಾರಿಯಿಂದ ಜಿಪಿಎಸ್ ವಾಚಿನವರೆಗೆ: ಓಟವನ್ನು ಅಳೆದ ಕಥೆ

ಬೆಳಗಿನ ಐದೂವರೆಗೆ ಹುನಗುಂದದಿಂದ ಇಳಕಲ್ ಕಡೆ ಹೊರಟರೆ ಹೆದ್ದಾರಿ ಪಕ್ಕದಲ್ಲಿ ಓಡುವ ಹುಡುಗರು ಸಿಗುತ್ತಾರೆ. ಬಾಗಲಕೋಟೆ ನವನಗರದ ಸೆಕ್ಟರ್ ರಸ್ತೆಗಳಲ್ಲೂ ಅಷ್ಟೇ, ಬಾದಾಮಿಯ ಗುಡ್ಡದ ಬುಡದಲ್ಲೂ ಅಷ್ಟೇ. ಇವರಲ್ಲಿ ಹೆಚ್ಚಿನವರು ಆರೋಗ್ಯಕ್ಕಾಗಿ ಓಡುವವರಲ್ಲ, ನೌಕರಿಗಾಗಿ ಓಡುವವರು. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂದರೆ ಗಂಡು ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಹೆಣ್ಣುಮಕ್ಕಳು 400 ಮೀಟರನ್ನು 2 ನಿಮಿಷದೊಳಗೆ ಮುಗಿಸಬೇಕು. ಅಗ್ನಿವೀರ ರ್‍ಯಾಲಿಯಲ್ಲಿ 1.6 ಕಿಲೋಮೀಟರ್ ಓಟಕ್ಕೆ ಪೂರ್ತಿ ಅಂಕ ಬೇಕಿದ್ದರೆ 5 ನಿಮಿಷ 30 ಸೆಕೆಂಡು ದಾಟುವಂತಿಲ್ಲ.

ಹೀಗಾಗಿ ಈಗ ಮನೆಮನೆಯಲ್ಲೂ ಒಂದು ಬೇಡಿಕೆ ಶುರುವಾಗಿದೆ: ಜಿಪಿಎಸ್ ಇರುವ, ಎದೆಬಡಿತ ತೋರಿಸುವ ವಾಚು. ಎರಡು ಸಾವಿರದೊಳಗೂ ಸಿಗುತ್ತದೆ, ಇಪ್ಪತ್ತು ಸಾವಿರ ದಾಟಿದ್ದೂ ಇದೆ. ಮಗ ಕೇಳಿದ ಅಂತ ಸಂಘದಲ್ಲಿ ಸಾಲ ತೆಗೆದ ತಾಯಂದಿರನ್ನು ನಾವು ನೋಡಿದ್ದೇವೆ. "ಯಾವುದು ತಗೊಳ್ಳೋಣ?" ಎಂದು ನಮ್ಮನ್ನು ಕೇಳಿದವರೂ ಇದ್ದಾರೆ. ಮಾಡೆಲ್ ಹೆಸರು ಹೇಳುವುದು ಸುಲಭ, ಆದರೆ ಆರು ತಿಂಗಳಿಗೆ ಅದು ಹಳೆಯದಾಗುತ್ತದೆ. ಈ ವಾಚು ಮಾಡುವ ಕೆಲಸ ಮೂರೇ: ಹೊತ್ತು ಅಳೆಯುವುದು, ದಾರಿ ಅಳೆಯುವುದು, ನಾಡಿ ಅಳೆಯುವುದು. ಮೂರೂ ಬಹಳ ಹಳೆಯ ಕೆಲಸಗಳು. ಅವು ಎಲ್ಲಿಂದ ಬಂದವು ಎಂದು ತಿಳಿದರೆ ಅಂಗಡಿಯವನ ಮುಂದೆ ಯಾವ ಪ್ರಶ್ನೆ ಕೇಳಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಮೊದಲು ಹೊತ್ತಿನ ಮಾತು. ನಮ್ಮ ಜಿಲ್ಲೆಯಲ್ಲಿ ಕಾಲವನ್ನು ಬರೆದಿಟ್ಟ ಕಲ್ಲುಗಳಿಗೆ ಕೊರತೆಯಿಲ್ಲ. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿ ಕೋಟೆ ಕಟ್ಟಿದ ವಿಷಯ ಶಕವರ್ಷ 465ರದು, ಅಂದರೆ ಕ್ರಿ.ಶ. 543. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ ಬರೆದ ಶಾಸನದಲ್ಲಿ ಶಕವರ್ಷ 556 ಎಂದಿದೆ, ಜೊತೆಗೆ ಭಾರತ ಯುದ್ಧವಾಗಿ 3735 ವರ್ಷವಾಯಿತು ಎಂಬ ಲೆಕ್ಕವೂ ಇದೆ. ವರ್ಷದ ಲೆಕ್ಕ ಇಷ್ಟು ಗಟ್ಟಿ. ಆದರೆ ದಿನದೊಳಗಿನ ಹೊತ್ತು ಅಳೆಯಲು ಇದ್ದದ್ದು ಗಳಿಗೆ ಬಟ್ಟಲು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗುವಷ್ಟರಲ್ಲಿ ಒಂದು ಗಳಿಗೆ. ಈಗಿನ ಲೆಕ್ಕದಲ್ಲಿ 24 ನಿಮಿಷ. ದಿನಕ್ಕೆ 60 ಗಳಿಗೆ. ಮುಹೂರ್ತಕ್ಕೆ ಅದು ಸಾಕಾಗುತ್ತಿತ್ತು. ಒಂದು ಗಳಿಗೆಯಲ್ಲಿ ಈಗಿನ ಅಗ್ನಿವೀರ ಓಟವನ್ನು ನಾಲ್ಕು ಸಲ ಓಡಿ ಮುಗಿಸಬಹುದು, ಆದ್ದರಿಂದ ಓಟಗಾರನಿಗೆ ಆ ಬಟ್ಟಲು ಉಪಯೋಗವಿರಲಿಲ್ಲ.

ನಿಮಿಷ ಎಂಬುದು ನಮ್ಮ ಕಡೆ ನಿಜವಾಗಿ ಬಂದದ್ದು ರೈಲಿನ ಜೊತೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹೊಟಗಿಯಿಂದ ವಿಜಾಪುರ, ಬಾಗಲಕೋಟೆ, ಬಾದಾಮಿ ಮೇಲೆ ಗದಗಕ್ಕೆ ಮೀಟರ್ ಗೇಜ್ ಹಳಿ ಹಾಕಿತು. ಬರಗಾಲದ ದಿನಗಳ ನೆನಪು ಹಸಿಯಾಗಿದ್ದಾಗ ಹಾಕಿದ ಹಳಿ ಅದು. ರೈಲು ಮದ್ರಾಸಿನ ಸಮಯದಲ್ಲಿ ಓಡುತ್ತಿತ್ತು, ಮುಂಬಯಿ ಪ್ರಾಂತಕ್ಕೆ ಬೇರೆಯೇ ಮುಂಬಯಿ ಸಮಯವಿತ್ತು, ಇವೆರಡರ ನಡುವೆ ಅರ್ಧ ತಾಸಿನ ಅಂತರ. ಇವೆರಡೂ ಸಾಲದೆಂಬಂತೆ ನೆತ್ತಿಯ ಮೇಲಿನ ಸೂರ್ಯನದು ಮೂರನೆಯ ಸಮಯ. 1906ರ ಜನವರಿ 1ರಿಂದ ಭಾರತಕ್ಕೆಲ್ಲ ಒಂದೇ ಸಮಯ ಬಂತು. ಆದರೆ ಬಾಗಲಕೋಟೆಯ ಸೂರ್ಯ ಇವತ್ತಿಗೂ ಆ ಸಮಯಕ್ಕಿಂತ ಸುಮಾರು 27 ನಿಮಿಷ ಹಿಂದೆಯೇ ಇದ್ದಾನೆ. ಚಳಿಗಾಲದಲ್ಲಿ ಆರಕ್ಕೆ ಓಡಲು ಹೊರಟವರಿಗೆ ಇನ್ನೂ ಕತ್ತಲೆ ಇರುವುದಕ್ಕೆ ಅದೂ ಒಂದು ಕಾರಣ.

ದಾರಿಯ ಲೆಕ್ಕ ಇನ್ನೂ ಸಡಿಲವಾಗಿತ್ತು. ಹಿರಿಯರು ಈಗಲೂ "ಎರಡು ಹರದಾರಿ ಆಗ್ತದ" ಅನ್ನುತ್ತಾರೆ. ಒಂದು ಹರದಾರಿ ಎಂದರೆ ಸುಮಾರು ಮೂರು ಮೈಲಿ. ಆದರೆ ಅದನ್ನು ಯಾರೂ ಹಗ್ಗ ಹಿಡಿದು ಅಳೆದದ್ದಲ್ಲ, ಕಾಲಿನ ದಣಿವಿನಿಂದ ಅಳೆದದ್ದು. ಏರು ದಾರಿಯ ಹರದಾರಿ ಗಿಡ್ಡ, ಇಳಿಜಾರಿನದು ಉದ್ದ. ಟಪಾಲು ಓಡಿಸುವವನಿಗೂ ಇದೇ ಲೆಕ್ಕ. ಕೋಲಿಗೆ ಗೆಜ್ಜೆ ಕಟ್ಟಿ, ಹೆಗಲಿಗೆ ಚೀಲ ಹಾಕಿ, ಮುಂದಿನ ಠಾಣ್ಯದವರೆಗೆ ಓಡಿ, ಅಲ್ಲಿ ಕಾದವನ ಕೈಗೆ ಚೀಲ ಕೊಡುವುದು. ಸಂಬಳಕ್ಕಾಗಿ ಓಡಿದವರು ನಮ್ಮ ನಾಡಿಗೆ ಹೊಸಬರೇನಲ್ಲ.

ಗಟ್ಟಿ ಅಳತೆ ಬಂದದ್ದು ಸರ್ವೆಯವರಿಂದ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಉಕ್ಕಿನ ಸರಪಳಿ ಹಾಸಿ ತನ್ನ ಮೊದಲ ಆಧಾರ ರೇಖೆ ಅಳೆದ. ಮುಂದೆ ಇಡೀ ಭಾರತದ ನಕ್ಷೆಗೆ ಬುನಾದಿಯಾದ ಮಹಾ ತ್ರಿಕೋನ ಸರ್ವೆಯ ಬೇರು ಅಲ್ಲಿದೆ. ರಸ್ತೆ ಅಳೆಯುವವರು ಮಾತ್ರ ಸರಪಳಿ ಬಿಟ್ಟು ಗಾಲಿ ಹಿಡಿದರು. ಉದ್ದ ಹಿಡಿಕೆಯ ಒಂದು ದೊಡ್ಡ ಗಾಲಿಯನ್ನು ದೂಡುತ್ತ ನಡೆಯುವುದು, ಎಷ್ಟು ಸುತ್ತು ತಿರುಗಿತೋ ಅದರ ಮೇಲೆ ಮೈಲಿಯ ಲೆಕ್ಕ. ಹೀಗೆ ಅಳೆದ ದಾರಿಗಳಿಗೆ ಮೈಲಿಗಲ್ಲು ಬಂತು. ಮೈಲಿ ಹೋಗಿ ಕಿಲೋಮೀಟರ್ ಬಂದದ್ದು 1956ರ ಕಾಯ್ದೆಯ ನಂತರ. ನಮ್ಮ ಜಿಲ್ಲೆಯಲ್ಲಿ ಆಲಮಟ್ಟಿ ಹಿನ್ನೀರು ಊರುಗಳ ಜೊತೆಗೆ ಊರು ಸೇರುವ ಹಳೆಯ ದಾರಿಗಳನ್ನೂ ನುಂಗಿದೆ. ಹಳೆ ಬಾಗಲಕೋಟೆಯ ಹಿರಿಯರು ಈಗ ನೀರಿರುವ ಕಡೆ ಕೈ ತೋರಿಸಿ "ಅಲ್ಲಿಂದ ಇಷ್ಟು ದೂರ" ಎಂದು ಹೇಳುವುದನ್ನು ಕೇಳಿದರೆ, ದೂರ ಎಂಬುದು ಮನಸ್ಸಿನಲ್ಲೂ ಇರುತ್ತದೆ ಅನ್ನಿಸುತ್ತದೆ. ಇರಲಿ, ಅದು ಬೇರೆ ಕಥೆ.

ಈಗ ಬೆಳಗಾವಿಯ ಓಟಗಾರ ಫಡೆಪ್ಪ ದರೆಪ್ಪ ಚೌಗುಲೆಯ ವಿಷಯಕ್ಕೆ ಬರೋಣ. ಹೊಸ ವಾಚು ಕೊಳ್ಳುವ ಮೊದಲು ಪ್ರತಿ ಹುಡುಗನೂ ಈ ಹೆಸರನ್ನು ಕೇಳಿರಬೇಕು ಎಂಬುದು ನಮ್ಮ ಅಭಿಪ್ರಾಯ.

1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದಲ್ಲಿ ಆಟೋಟ ನಡೆದವು. ಅದರ ಅಧ್ಯಕ್ಷರಾಗಿದ್ದ ದೊರಾಬ್ಜಿ ಟಾಟಾ ಅಲ್ಲಿ ಕಂಡದ್ದನ್ನು ಹತ್ತು ವರ್ಷದ ನಂತರ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಬರೆದ ಪತ್ರದಲ್ಲಿ ನೆನೆದಿದ್ದಾರೆ. ಓಡಿದವರು ಹೊಲದಲ್ಲಿ ದುಡಿಯುವ ರೈತರ ಮಕ್ಕಳು. ಬಡ ಊಟ, ತರಬೇತಿ ಇಲ್ಲ, ನಿಯಮಗಳು ಗೊತ್ತಿಲ್ಲ. ಸುಮಾರು 25 ಮೈಲಿಯ ಓಟಕ್ಕೆ ಮ್ಯಾರಥಾನ್ ಎಂದು ಹೆಸರಿಟ್ಟಿದ್ದರು. ಬರಿಗಾಲಲ್ಲಿ, ಇಲ್ಲವೇ ಒರಟು ಕೆರ ಮೆಟ್ಟಿ ಓಡಿದ ಆ ಹುಡುಗರ ಸಮಯ ಯುರೋಪಿನವರ ಸಮಯಕ್ಕೆ ಹತ್ತಿರವಿತ್ತು. ಯಾರೋ ಗಡಿಯಾರ ಹಿಡಿದು ನಿಂತಿದ್ದರಿಂದಲೇ ಅದು ಗೊತ್ತಾಯಿತು. ಗಡಿಯಾರ ಇಲ್ಲದಿದ್ದರೆ ಅವರು "ಜೋರಾಗಿ ಓಡುವ ಹುಡುಗರು" ಎಂಬ ಮಾತಿನೊಳಗೇ ಉಳಿಯುತ್ತಿದ್ದರು. ಭಾರತದಿಂದ ಒಲಿಂಪಿಕ್ಸ್‌ಗೆ ತಂಡ ಕಳುಹಿಸುವ ವಿಚಾರ ಹುಟ್ಟಿದ್ದು ಅಲ್ಲಿ.

ಮರು ವರ್ಷ, 1920ರಲ್ಲಿ, ಬೆಲ್ಜಿಯಂ ದೇಶದ ಆಂಟ್‌ವರ್ಪ್‌ಗೆ ಭಾರತದ ಮೊದಲ ತಂಡ ಹೋಯಿತು. ಮ್ಯಾರಥಾನಿನಲ್ಲಿ ಚೌಗುಲೆ ಮತ್ತು ಸದಾಶಿವ ದಾತಾರ್ ಓಡಿದರು. ದಾತಾರ್ ಓಟ ಮುಗಿಸಲಾಗಲಿಲ್ಲ. ಚೌಗುಲೆ 19ನೆಯವರಾಗಿ ಮುಗಿಸಿದರು: 2 ತಾಸು 50 ನಿಮಿಷ 45 ಸೆಕೆಂಡು. ಆ ವರ್ಷದ ಮ್ಯಾರಥಾನ್ ಈಗಿನ 42.195 ಕಿಲೋಮೀಟರ್ ಅಲ್ಲ, 42.75 ಕಿಲೋಮೀಟರ್. ಒಲಿಂಪಿಕ್ಸ್‌ನಲ್ಲಿ ಅಷ್ಟು ಉದ್ದದ ಮ್ಯಾರಥಾನ್ ಮತ್ತೆ ನಡೆದಿಲ್ಲ.

ಈ ಲೆಕ್ಕವನ್ನು ನಮ್ಮ ಹುಡುಗರ ಭಾಷೆಗೆ ತಂದು ನೋಡೋಣ. 42.75 ಕಿಲೋಮೀಟರಿಗೆ 10,245 ಸೆಕೆಂಡು. ಅಂದರೆ ಕಿಲೋಮೀಟರಿಗೆ ನಾಲ್ಕು ನಿಮಿಷಕ್ಕೂ ಒಂದು ಕೂದಲು ಕಡಿಮೆ. ಪೊಲೀಸ್ ಪರೀಕ್ಷೆಯ 1600 ಮೀಟರಿಗೆ 6 ನಿಮಿಷ 30 ಸೆಕೆಂಡು ಎಂದರೆ ಕಿಲೋಮೀಟರಿಗೆ 4 ನಿಮಿಷ 4 ಸೆಕೆಂಡು. ಇವತ್ತು ನಾವು ಒಂದು ಸಲ ಪಾಸಾಗಲು ತಿಂಗಳುಗಟ್ಟಲೆ ಒದ್ದಾಡುವ ಓಟವನ್ನು ಆ ಬೆಳಗಾವಿಯ ಮನುಷ್ಯ ಅದಕ್ಕಿಂತ ತುಸು ಬೇಗದಲ್ಲೇ ಒಂದಾದ ಮೇಲೊಂದರಂತೆ 26 ಸಲ ಓಡಿ, ಇನ್ನೂ ಓಡುತ್ತಲೇ ಇದ್ದ. ಕೈಯಲ್ಲಿ ಉಪಗ್ರಹದ ವಾಚು ಇರಲಿಲ್ಲ. ಅದನ್ನು ಯಾರೂ ಕನಸಿನಲ್ಲೂ ಕಂಡಿರದ ಕಾಲ ಅದು.

ಆ ಮ್ಯಾರಥಾನ್ ಗೆದ್ದವನು ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್. ಅದೇ ಆಂಟ್‌ವರ್ಪ್‌ನಲ್ಲಿ ಅದೇ ದೇಶದ ಇನ್ನೊಬ್ಬ ಹುಡುಗ ಪಾವೊ ನುರ್ಮಿ 10,000 ಮೀಟರ್ ಗೆದ್ದ. ಓಟದ ವಾಚಿಗೆ ಒಬ್ಬ ಮೂಲಪುರುಷ ಇದ್ದರೆ ಅವನು ನುರ್ಮಿಯೇ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದೇ ಓಡುತ್ತಿದ್ದ. ಪಕ್ಕದವನು ಮುಂದೆ ಹೋದನೋ ಹಿಂದೆ ಉಳಿದನೋ ನೋಡುತ್ತಿರಲಿಲ್ಲ, ಪ್ರತಿ ಸುತ್ತಿನ ಸಮಯ ನೋಡುತ್ತಿದ್ದ. 1924ರ ಪ್ಯಾರಿಸ್‌ನಲ್ಲಿ ಕೊನೆಯ ಸುತ್ತು ಬಂದಾಗ ವಾಚನ್ನು ಹುಲ್ಲಿನ ಮೇಲೆ ಎಸೆದು ಓಡಿ ಗೆದ್ದ. ಅಂದರೆ ವಾಚು ಎಷ್ಟು ಹೊತ್ತು ಬೇಕು, ಎಲ್ಲಿ ಬೇಡ ಎಂಬುದೂ ಅವನಿಗೆ ಗೊತ್ತಿತ್ತು.

ನಮ್ಮ ಕಡೆ ಕೈಗೆ ವಾಚು ಬರಲು ಇನ್ನೂ ನಾಲ್ಕು ದಶಕ ಹಿಡಿಯಿತು. 1961ರಲ್ಲಿ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ ಬೆಂಗಳೂರಿನಲ್ಲಿ ವಾಚು ಕಟ್ಟಲು ಶುರುಮಾಡಿತು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಬಂತು. ಅಲ್ಲಿಂದ ಮುಂದಿನದು ಎಲ್ಲರ ಮನೆಯ ಕಥೆ: ಅಳಿಯನಿಗೆ ಕೊಡುವ ವಾಚು, ಎಸ್‌ಎಸ್‌ಎಲ್‌ಸಿ ಪಾಸಾದರೆ ಕೊಡಿಸುವ ವಾಚು, ದಿನಾ ಬೆಳಿಗ್ಗೆ ಕೀಲಿ ಕೊಡುವ ವಾಚು. ಸೆಕೆಂಡಿನ ಮುಳ್ಳು ಇದ್ದುದರಿಂದ ಪಿ.ಇ. ಮೇಷ್ಟ್ರು ಅದರಲ್ಲೇ ಓಟದ ಹೊತ್ತು ನೋಡುತ್ತಿದ್ದರು. ಟೈಟನ್ ಬಂದು, ಕ್ವಾರ್ಟ್ಜ್ ಬಂದು, ಆಮೇಲೆ ಮೊಬೈಲ್ ಬಂದು ಮಣಿಕಟ್ಟು ಖಾಲಿಯಾಯಿತು. 2016ರಲ್ಲಿ ಎಚ್‌ಎಂಟಿ ವಾಚು ವಿಭಾಗ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಈಗ ಅದೇ ಮಣಿಕಟ್ಟಿಗೆ ವಾಚು ವಾಪಸ್ ಬಂದಿದೆ, ಆದರೆ ಹೊತ್ತು ನೋಡಲು ಅಲ್ಲ.

ಮೂರನೆಯದು ನಾಡಿ. ನಾಡಿ ಹಿಡಿದು ನೋಡುವುದು ನಮ್ಮ ವೈದ್ಯರಿಗೆ ಹೊಸದಲ್ಲ. ಅವರು ನಾಡಿಯ ನಡೆ ನೋಡುತ್ತಿದ್ದರು, ಅದನ್ನು ಎಣಿಸುವುದು ಆಮೇಲೆ ಬಂದ ಸಂಗತಿ. ಇಟಲಿಯ ಸಾಂಟೋರಿಯೊ ಎಂಬ ವೈದ್ಯ 1600ರ ಆಸುಪಾಸಿನಲ್ಲಿ ದಾರಕ್ಕೆ ಗುಂಡು ಕಟ್ಟಿ ತೂಗಿಬಿಟ್ಟು, ಅದರ ತೂಗಾಟ ರೋಗಿಯ ನಾಡಿಗೆ ಸರಿಹೊಂದುವವರೆಗೆ ದಾರವನ್ನು ಉದ್ದ ಗಿಡ್ಡ ಮಾಡುತ್ತಿದ್ದ. ದಾರದ ಉದ್ದವೇ ನಾಡಿಯ ಅಳತೆ. ಇಂಗ್ಲೆಂಡಿನ ಜಾನ್ ಫ್ಲಾಯರ್ 1707ರಲ್ಲಿ ನಾಡಿ ಎಣಿಸಲೆಂದೇ ಸರಿಯಾಗಿ ಒಂದು ನಿಮಿಷ ನಡೆಯುವ ಗಡಿಯಾರ ಮಾಡಿಸಿದ. ನಾಡಿಗಾಗಿ ವಾಚು ಎಂಬ ವಿಚಾರಕ್ಕೆ ಮುನ್ನೂರು ವರ್ಷ ದಾಟಿದೆ.

ಹೃದಯದ ವಿದ್ಯುತ್ತನ್ನು ಹಿಡಿದು ಬರೆಯುವ ಇಸಿಜಿ ಯಂತ್ರವನ್ನು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮಾಡಿದವನು ಹಾಲೆಂಡಿನ ಐಂಥೋವನ್. 1924ರಲ್ಲಿ ಅವನಿಗೆ ನೊಬೆಲ್ ಬಂತು. ಆ ಯಂತ್ರ ಒಂದು ಕೋಣೆ ತುಂಬುವಷ್ಟಿತ್ತು. ರೋಗಿ ಎರಡೂ ಕೈ ಮತ್ತು ಒಂದು ಕಾಲನ್ನು ಉಪ್ಪು ನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರಬೇಕಿತ್ತು. ಅದನ್ನು ಕುಗ್ಗಿಸಿ ಓಟಗಾರನ ಎದೆಗೆ ಕಟ್ಟಿದವರು ಮತ್ತೆ ಫಿನ್ಲೆಂಡಿನವರೇ. ಔಲು ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸೆಪ್ಪೊ ಸ್ಯಾನ್ಯಾಯಕಂಗಾಸ್ 1977ರಲ್ಲಿ ಪೋಲಾರ್ ಕಂಪನಿ ಶುರುಮಾಡಿದರು. ಹಿಮದ ಮೇಲೆ ಜಾರುವ ಆಟಗಾರರ ಎದೆಬಡಿತ ಆಟದ ನಡುವೆಯೇ ನೋಡಬೇಕೆಂಬುದು ಅವರ ಉದ್ದೇಶ. 1982ರಲ್ಲಿ ಎದೆಪಟ್ಟಿಯಿಂದ ಮಣಿಕಟ್ಟಿಗೆ ತಂತಿಯಿಲ್ಲದೆ ಬಡಿತ ಕಳಿಸುವ ಸಾಧನ ಮಾರುಕಟ್ಟೆಗೆ ಬಂತು. ಎದೆಪಟ್ಟಿ ಕಟ್ಟುವ ಮೊದಲು ಇವತ್ತಿಗೂ ಅದನ್ನು ನೀರಿನಿಂದ ಒದ್ದೆ ಮಾಡಬೇಕು. ಐಂಥೋವನ್‌ನ ಉಪ್ಪು ನೀರಿನ ಪಾತ್ರೆಯಲ್ಲಿ ಉಳಿದಿರುವುದು ಅಷ್ಟೇ.

ಈಗಿನ ವಾಚಿನ ಬೆನ್ನಿನಲ್ಲಿ ಮಿಣಮಿಣ ಎನ್ನುವ ಹಸಿರು ದೀಪ ಬೇರೆ ದಾರಿಯದು. ಅದು ಹೃದಯದ ವಿದ್ಯುತ್ತನ್ನು ನೋಡುವುದಿಲ್ಲ, ಚರ್ಮದ ಕೆಳಗೆ ಪ್ರತಿ ಬಡಿತಕ್ಕೂ ಏರಿಳಿಯುವ ರಕ್ತವನ್ನು ಬೆಳಕಿನಿಂದ ನೋಡುತ್ತದೆ. ಕೊರೊನಾ ವರ್ಷಗಳಲ್ಲಿ ಆಶಾ ಕಾರ್ಯಕರ್ತೆಯರು ಬೆರಳಿಗೆ ಸಿಕ್ಕಿಸಿದ ಕ್ಲಿಪ್ ನೆನಪಿದೆಯಲ್ಲ, ಅದರ ಅಣ್ಣತಮ್ಮನೇ ಇದು. ಬೆರಳು ಅಲುಗದೆ ಇದ್ದರೆ ಕ್ಲಿಪ್ ಸರಿ ಹೇಳುತ್ತಿತ್ತು. ಓಡುವಾಗ ಮಣಿಕಟ್ಟು ಅಲುಗದೆ ಇರುತ್ತದೆಯೇ?

ಹಾಗಾಗಿ ಮಣಿಕಟ್ಟಿನ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ. ಓಟ ಶುರುವಾದ ಮೊದಲ ನಿಮಿಷ ಅದು ನಿಜವಾದ ಬಡಿತಕ್ಕಿಂತ ಹಿಂದೆ ಬೀಳುತ್ತದೆ. ಆರು ನಿಮಿಷದ ಓಟದಲ್ಲಿ ಒಂದು ನಿಮಿಷ ಸಣ್ಣದಲ್ಲ. ಇನ್ನೊಂದು ಮೋಸ: ಕೆಲವೊಮ್ಮೆ ಅದು ಬಡಿತ ಬಿಟ್ಟು ಹೆಜ್ಜೆ ಎಣಿಸುತ್ತದೆ. ಓಡುವವರ ಹೆಜ್ಜೆ ನಿಮಿಷಕ್ಕೆ 160ರಿಂದ 180ರ ಸುತ್ತ ಇರುವುದರಿಂದ, ಇನ್ನೂ ಮೈ ಬಿಸಿಯಾಗುವ ಮೊದಲೇ 170 ತೋರಿಸಿದರೆ ಅದು ನಿಮ್ಮ ಕಾಲಿನ ಲೆಕ್ಕ, ಎದೆಯದಲ್ಲ. ಕಪ್ಪು ಚರ್ಮ ಹಸಿರು ಬೆಳಕನ್ನು ಹೆಚ್ಚು ಹೀರುತ್ತದೆ. ಹಚ್ಚೆ ಇದ್ದರಂತೂ ಬೆಳಕು ಒಳಗೇ ಹೋಗುವುದಿಲ್ಲ, ವಾಚು ಮಾಡುವ ಕಂಪನಿಗಳೇ ಇದನ್ನು ಹೇಳುತ್ತವೆ. ನಮ್ಮ ಕಡೆಯ ಹೆಣ್ಣುಮಕ್ಕಳ ಮುಂಗೈ ಮೇಲೆ ಹಚ್ಚೆ ಇದ್ದರೆ ಇನ್ನೊಂದು ಕೈಗೆ ಕಟ್ಟಿ ನೋಡಬೇಕು. ಬಳೆ ಒಂದಿಷ್ಟು ಹಿಂದೆ ಸರಿಸಿ, ಮಣಿಕಟ್ಟಿನ ಎಲುಬಿಗಿಂತ ಎರಡು ಬೆರಳು ಮೇಲೆ, ಬಿಗಿಯಾಗಿ.

ವಾಚು ಹೇಳುವ "ಗರಿಷ್ಠ ಬಡಿತ" ಎಂಬುದೂ ಅಂದಾಜೇ. 220ರಲ್ಲಿ ವಯಸ್ಸು ಕಳೆ ಎಂಬ ಸೂತ್ರ 1970ರ ದಶಕದ ಆರಂಭದಲ್ಲಿ ಅಮೆರಿಕನ್ ಸಂಶೋಧಕರು ಬೇರೆಬೇರೆ ಅಧ್ಯಯನಗಳ ಅಂಕಿಗಳನ್ನು ಒಟ್ಟಿಗೆ ಇಟ್ಟು ಎಳೆದ ಗೆರೆ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೆ ಈಚೆ ಆಗುವುದು ಮಾಮೂಲು. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಅದೇ ವೇಗಕ್ಕೆ ಬಡಿತ ಇನ್ನಷ್ಟು ಏರುತ್ತದೆ. ಆಗ ವಾಚು ಕೆಂಪು ತೋರಿಸಿತೆಂದು ಹೆದರುವವರಿದ್ದಾರೆ, ತೋರಿಸಲಿಲ್ಲವೆಂದು ಧೈರ್ಯ ಮಾಡುವವರೂ ಇದ್ದಾರೆ. ಎರಡನೆಯವರ ಬಗ್ಗೆ ನಮಗೆ ಹೆಚ್ಚು ಚಿಂತೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ 46ನೇ ವಯಸ್ಸಿಗೆ ತೀರಿಕೊಂಡ ಮೇಲೆ ಎದೆಬಡಿತದ ವಾಚಿಗೆ ಹಳ್ಳಿಗಳಲ್ಲೂ ಕೇಳಿಕೆ ಬಂತು. ಆದರೆ ಹಸಿರು ದೀಪ ಬಡಿತ ಎಣಿಸುತ್ತದೆ, ರಕ್ತನಾಳ ಕಟ್ಟಿಕೊಂಡದ್ದನ್ನು ಹೇಳುವುದಿಲ್ಲ. ಓಡುವಾಗ ಎದೆ ಹಿಂಡಿದಂತಾದರೆ, ಕಣ್ಣು ಕತ್ತಲೆ ಬಂದರೆ, ಎಡಗೈ ಅಥವಾ ದವಡೆ ಸೆಳೆದರೆ ವಾಚು ನೋಡುತ್ತ ನಿಲ್ಲಬೇಡಿ. ಪುನೀತ್ ಹೆಸರಿನಲ್ಲೇ ಇರುವ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಬೇಕಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ.

ಇನ್ನು ಜಿಪಿಎಸ್. ಅಮೆರಿಕದ ಸೈನ್ಯ ಇದರ ಮೊದಲ ಉಪಗ್ರಹ ಹಾರಿಸಿದ್ದು 1978ರಲ್ಲಿ. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅವು ನೆಲಕ್ಕೆ ಕಳಿಸುವುದು ನಕ್ಷೆಯನ್ನಲ್ಲ, ಹೊತ್ತನ್ನು. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರ ಇದೆ. "ನಾನು ಇಂಥ ಕಡೆ ಇದ್ದೇನೆ, ಈಗ ಹೊತ್ತು ಇಷ್ಟು" ಎಂದು ಅದು ಕೂಗುತ್ತದೆ. ಆ ಕೂಗು ತಲುಪಲು ತಗಲಿದ ಹೊತ್ತಿನಿಂದ ವಾಚು ದೂರ ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ಕೂಗು ಕೇಳಿದರೆ ತಾನೆಲ್ಲಿದ್ದೇನೆ ಎಂದು ಗೊತ್ತಾಗುತ್ತದೆ. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ ತಪ್ಪಿದರೆ 30 ಸೆಂಟಿಮೀಟರ್ ತಪ್ಪುತ್ತದೆ. ಗಳಿಗೆ ಬಟ್ಟಲಿನಿಂದ ಎಲ್ಲಿಗೆ ಬಂದಿದ್ದೇವೆ ನೋಡಿ.

2000ದ ಮೇ ತಿಂಗಳವರೆಗೆ ಅಮೆರಿಕ ಬೇಕಂತಲೇ ನಾಗರಿಕರ ಸಂಕೇತವನ್ನು ಕೆಡಿಸಿ ಕಳಿಸುತ್ತಿತ್ತು. ನೂರು ಮೀಟರ್‌ವರೆಗೆ ತಪ್ಪು. ಅಂಥದರಲ್ಲಿ ಓಟ ಅಳೆಯಲು ಸಾಧ್ಯವೇ ಇರಲಿಲ್ಲ. ಅದನ್ನು ನಿಲ್ಲಿಸಿದ ಮೇಲೆಯೇ ಓಟದ ಜಿಪಿಎಸ್ ವಾಚುಗಳು ಬಂದವು. ಗಾರ್ಮಿನ್ ಕಂಪನಿಯ ಮೊದಲ ಫೋರ್‌ರನ್ನರ್‌ಗಳು 2003ರವು.

ಬೇರೆ ದೇಶದ ಸೈನ್ಯದ ಮರ್ಜಿಯ ಮೇಲೆ ಇರುವುದು ಬೇಡವೆಂದು ಇಸ್ರೋ ನಮ್ಮದೇ ವ್ಯವಸ್ಥೆ ಕಟ್ಟಿತು. ಮೊದಲ ಉಪಗ್ರಹ 2013ರ ಜುಲೈ 1ರಂದು, ಏಳನೆಯದು 2016ರ ಏಪ್ರಿಲ್ 28ರಂದು ಹಾರಿದವು. ಹೆಸರು ನಾವಿಕ್. ಅದರ ಗಡಿಯಾರ ನೋಡಿಕೊಳ್ಳುವ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ. ಆದರೆ ಹೊರದೇಶದಿಂದ ತರಿಸಿದ ಪರಮಾಣು ಗಡಿಯಾರಗಳು ಒಂದೊಂದಾಗಿ ಕೈಕೊಟ್ಟವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ನಮ್ಮವರೇ ಮಾಡಿದ ಗಡಿಯಾರವಿದೆ. ವಾಚಿನಂಥ ಸಣ್ಣ ಸಾಧನಗಳು ಸುಲಭವಾಗಿ ಹಿಡಿಯಬಲ್ಲ ಎಲ್1 ಸಂಕೇತವೂ ಅದರಲ್ಲಿ ಸೇರಿತು. ಅದರ ತಮ್ಮ ಎನ್‌ವಿಎಸ್-02 2025ರ ಜನವರಿಯಲ್ಲಿ ಹಾರಿದರೂ ತನ್ನ ಕಕ್ಷೆಗೆ ಏರಲಾಗಲಿಲ್ಲ. ಹಾಗಾಗಿ ಪೆಟ್ಟಿಗೆಯ ಮೇಲೆ ನಾವಿಕ್ ಎಂದು ಬರೆದಿದ್ದರೆ ಸಂತೋಷಪಡಿ, ಆದರೆ ಅದೊಂದಕ್ಕಾಗಿ ಹೆಚ್ಚು ದುಡ್ಡು ಕೊಡುವ ಕಾಲ ಇನ್ನೂ ಬಂದಿಲ್ಲ ಎಂಬುದು ನಮ್ಮ ಅಂದಾಜು.

ಇಳಕಲ್‌ನ ಒಂದು ಅಂಗಡಿಯಲ್ಲಿ ನಾವು ಕಿವಿಯಾರೆ ಕೇಳಿದ ಮಾತು ಇದು.

"ಕಾಕಾ, ಜಿಪಿಎಸ್ ಇದ್ದದ್ದು ತೋರಸ್ರಿ."

"ಇದರಾಗ ಐತಿ ತಮ್ಮಾ, ಬಾಕ್ಸಿನ ಮ್ಯಾಲೇ ಬರದಾರ ನೋಡು."

"ಫೋನ್ ಮನ್ಯಾಗ ಬಿಟ್ಟು ಓಡಿದ್ರ?"

"ಹಂಗ ನಡಿಯಂಗಿಲ್ಲಪಾ. ಫೋನ್ ಕಿಸೇದಾಗ ಇರಬೇಕು."

ಹುಡುಗ ಜಾಣ, ಸರಿಯಾದ ಪ್ರಶ್ನೆ ಕೇಳಿದ. ಅಗ್ಗದ ಎಷ್ಟೋ ವಾಚುಗಳ ಜಿಪಿಎಸ್ ಎಂದರೆ ಫೋನಿನ ಜಿಪಿಎಸ್ ಎರವಲು ಪಡೆಯುವುದು. ಪೆಟ್ಟಿಗೆಯ ಮೇಲೆ "ಕನೆಕ್ಟೆಡ್ ಜಿಪಿಎಸ್" ಎಂದಿದ್ದರೆ ಇದೇ ಅರ್ಥ, "ಬಿಲ್ಟ್-ಇನ್" ಎಂದಿದ್ದರೆ ವಾಚಿನೊಳಗೇ ಇದೆ. ಫೋನ್ ಅಂಗಡಿಯಲ್ಲೇ ಇಟ್ಟು, ವಾಚು ಕಟ್ಟಿಕೊಂಡು ಬಯಲಿನಲ್ಲಿ ಹತ್ತು ನಿಮಿಷ ನಡೆದು ಬನ್ನಿ. ದಾರಿಯ ಗೆರೆ ಮೂಡಿದರೆ ಸರಿ. ಇಷ್ಟಕ್ಕೆ ಒಪ್ಪದ ಅಂಗಡಿಯಲ್ಲಿ ಕೊಳ್ಳುವ ಅಗತ್ಯವಿಲ್ಲ.

ಬಾದಾಮಿಯವರಿಗೆ ಇನ್ನೊಂದು ತೊಂದರೆ. ಅಗಸ್ತ್ಯ ತೀರ್ಥದ ಸುತ್ತ, ಎರಡು ಕೆಂಪು ಬಂಡೆಗಳ ನಡುವೆ ಓಡಿದರೆ ಉಪಗ್ರಹದ ಸಂಕೇತ ಬಂಡೆಗೆ ಬಡಿದು ತಿರುಗಿ ಬರುತ್ತದೆ, ವಾಚಿನ ಗೆರೆ ನೀರಿನ ಮೇಲೆಲ್ಲ ಓಡಾಡುತ್ತದೆ. ಎರಡು ಆವರ್ತನ ಹಿಡಿಯುವ ವಾಚುಗಳಲ್ಲಿ ಇದು ಕಡಿಮೆ, ಆದರೆ ಅವು ದುಬಾರಿ. ಹುನಗುಂದದ ಎರೆ ಹೊಲಗಳ ನಡುವಿನ ನೇರ ರಸ್ತೆಯಲ್ಲಿ ಓಡುವವರಿಗೆ ಅದು ಬೇಕಿಲ್ಲ, ಆಕಾಶ ಪೂರ್ತಿ ತೆರೆದಿದೆ.

ಅಂಕಿ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2020ರ ಫೆಬ್ರುವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಸೆಕೆಂಡು ಎಂದರು, ಉಸೇನ್ ಬೋಲ್ಟನಿಗಿಂತ ಮುಂದೆ ಎಂದು ದೇಶವೆಲ್ಲ ಕೂಗಾಡಿತು. ಗೌಡರೇ ವಿವೇಕದಿಂದ ಹೇಳಿದರು, ಕೋಣಗಳ ಜೊತೆ ಕೆಸರಿನ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ ಎಂದು. ಪ್ರಾಧಿಕಾರದ ಟ್ರಯಲ್‌ಗೂ ಹೋಗಲಿಲ್ಲ. ಅಳತೆ ಸರಿಯಿತ್ತು, ಹೋಲಿಕೆ ತಪ್ಪಿತ್ತು. ನಮ್ಮ ಕಡೆ ತೆರಬಂಡಿ ಸ್ಪರ್ಧೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಎತ್ತಿನ ಬಲವನ್ನು ಯಾರೂ ಓಡಿಸುವವನ ಕಾಲಿನ ಲೆಕ್ಕಕ್ಕೆ ಬರೆಯುವುದಿಲ್ಲ.

ಈಗ 1600 ಮೀಟರಿಗೆ ಬನ್ನಿ. ಒಳ್ಳೆಯ ವಾಚು ಕೂಡ ನೂರಕ್ಕೆ ಒಂದೆರಡು ಪಾಲು ತಪ್ಪುತ್ತದೆ, ಮೈದಾನದ ತಿರುವುಗಳಲ್ಲಂತೂ ಹೆಚ್ಚು. 30 ಮೀಟರ್ ತಪ್ಪಿತು ಎಂದಿಟ್ಟುಕೊಳ್ಳಿ. ಅಗ್ನಿವೀರ ವೇಗದಲ್ಲಿ ಅದು 6 ಸೆಕೆಂಡು. ವಾಚಿನಲ್ಲಿ 5 ನಿಮಿಷ 28 ಸೆಕೆಂಡು ನೋಡಿ ಹಿಗ್ಗಿದ ಹುಡುಗ ರ್‍ಯಾಲಿಯ ಮೈದಾನದಲ್ಲಿ 5 ನಿಮಿಷ 34 ಸೆಕೆಂಡು ಓಡಿ ಕೆಳಗಿನ ಗುಂಪಿಗೆ ಬೀಳುತ್ತಾನೆ. ಅಂಕ ಹೋಯಿತು, ಕೆಲವರಿಗೆ ವಯಸ್ಸಿನ ಮಿತಿಯೂ ಅದೇ ವರ್ಷ ಮುಗಿಯುತ್ತದೆ.

ಆದ್ದರಿಂದ ಓಟ ಪರೀಕ್ಷೆಗೆ ತಯಾರಾಗುವವರಿಗೆ ನಾವು ಹೇಳುವುದು: 1600 ಮೀಟರಿನ ಹೊತ್ತಿಗೆ ಜಿಪಿಎಸ್ ಬೇಡ. ಅಳೆದ ನೆಲ ಮತ್ತು ಸಾದಾ ಸ್ಟಾಪ್‌ವಾಚ್ ಬೇಕು, ಅದು ಫೋನಿನಲ್ಲೇ ಇದೆ. ಜಿಪಿಎಸ್ ವಾಚು ಐದು, ಹತ್ತು, ಇಪ್ಪತ್ತೊಂದು ಕಿಲೋಮೀಟರ್ ಓಡುವವರಿಗೆ ಕೆಲಸಕ್ಕೆ ಬರುತ್ತದೆ. ಎದೆಬಡಿತ ನಿಜವಾಗಿ ಬೇಕೆಂದರೆ ಫೋನಿಗೆ ಜೋಡಿಸಬಹುದಾದ ಎದೆಪಟ್ಟಿ ಒಳ್ಳೆಯದು, ದೊಡ್ಡ ವಾಚಿಗಿಂತ ಬಹಳ ಅಗ್ಗ. ನಮ್ಮ ಜಿಲ್ಲೆಯ ಮತ್ತು ವಿಜಯಪುರದ ಸೈಕ್ಲಿಂಗ್ ಹುಡುಗರನ್ನು ಕೇಳಿ ನೋಡಿ, ಅವರು ಇದನ್ನು ಮೊದಲೇ ಬಲ್ಲರು. ಏನೂ ಕೊಳ್ಳಲಾಗದವರು ಓಟ ನಿಂತ ಕೂಡಲೇ ಕತ್ತಿನ ಪಕ್ಕ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಆಯಿತು.

ನೆಲ ಅಳೆಯುವುದು ಹೇಗೆ? ದೊಡ್ಡ ಮ್ಯಾರಥಾನುಗಳ ರಸ್ತೆಗೆ ಪ್ರಮಾಣಪತ್ರ ಕೊಡುವವರು ಇವತ್ತಿಗೂ ಜಿಪಿಎಸ್ ಅಳತೆ ಒಪ್ಪುವುದಿಲ್ಲ. ಅವರು ಬಳಸುವುದು ಸೈಕಲ್ಲು. ಮುಂದಿನ ಗಾಲಿಗೆ ಸುತ್ತು ಎಣಿಸುವ ಸಣ್ಣ ಯಂತ್ರ ಕೂರಿಸಿ, ಮೊದಲು ಉಕ್ಕಿನ ಟೇಪಿನಲ್ಲಿ ಅಳೆದ ನೆಲದ ಮೇಲೆ ಓಡಿಸಿ, ಸುತ್ತಿಗೆ ಎಷ್ಟು ದೂರ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ ಕಿಲೋಮೀಟರಿಗೆ ಒಂದು ಮೀಟರಿನಂತೆ ಹೆಚ್ಚು ಸೇರಿಸುತ್ತಾರೆ, ದಾರಿ ಗಿಡ್ಡವಾಗಬಾರದೆಂದು. ಇನ್ನೂರು ವರ್ಷದ ಹಿಂದೆ ಸರ್ವೆಯವರು ದೂಡಿದ ಗಾಲಿಯೇ ಇದು.

ಮನೆಯ ಸೈಕಲ್ಲಿನಲ್ಲೂ ಇದು ಆಗುತ್ತದೆ. ಗೌಂಡಿಯ ಹತ್ತಿರ ಉದ್ದ ಟೇಪು ತಂದು ನೇರ ರಸ್ತೆಯಲ್ಲಿ 100 ಮೀಟರ್ ಅಳೆದು ಸುಣ್ಣದ ಗುರುತು ಹಾಕಿ. ಗಾಲಿಗೆ ಒಂದು ಬಣ್ಣದ ದಾರ ಕಟ್ಟಿ, ಆ ನೂರು ಮೀಟರಿಗೆ ಎಷ್ಟು ಸುತ್ತು ಎಂದು ಎರಡು ಮೂರು ಸಲ ಎಣಿಸಿ. ಸುತ್ತಿಗೆ 2.1 ಮೀಟರ್ ಬಂದರೆ 1600 ಮೀಟರಿಗೆ 762 ಸುತ್ತು. ಒಬ್ಬ ದೂಡಲಿ, ಇಬ್ಬರು ಬೇರೆಬೇರೆಯಾಗಿ ಎಣಿಸಲಿ. ಗಾಳಿ ಕಡಿಮೆಯಾದರೆ ಗಾಲಿ ಗಿಡ್ಡವಾಗುತ್ತದೆ, ಬಿಸಿಲೇರಿದರೆ ಟೈರು ಉಬ್ಬಿ ದೊಡ್ಡದಾಗುತ್ತದೆ. ಹಾಗಾಗಿ ನೂರು ಮೀಟರಿನ ಎಣಿಕೆಯನ್ನೂ 1600ರದನ್ನೂ ಒಂದೇ ಮುಂಜಾನೆ, ಬಿಸಿಲು ಬರುವ ಮೊದಲೇ ಮುಗಿಸಬೇಕು.